ಅವಳಿಗೊಂದು ಸೀಟು

ಸ್ಕೂಲ್ ಡಿಸ್ಟ್ರಿಕ್ಟಿನ ಈಮೇಲ್ ಬಂದಾಗ ಯಾಮಿನಿ ಕುಕ್ಕರಿನ ಮೂರನೇ ವಿಶಲ್‌ಗೆ ಕಾಯ್ತಿದ್ಳು. ಒಂದಲ್ಲ, ಎರಡು ಈಮೇಲು. ಮಗಳು ನಿಕಿತಾಗೆ ಸ್ಪ್ಯಾನಿಷ್ ಇಮ್ಮರ್ಶನ್ ಕಿಂಡರ್‌ಗಾರ್ಟನಲ್ಲಿ ಸೀಟು ಸಿಕ್ಕಿದೆ, ಅಭಿನಂದನೆ, ಶುಕ್ರವಾರ ಸಂಜೆ ನಾಲ್ಕರೊಳಗೆ ಬೇಕೋ ಬೇಡವೋ ತಿಳಿಸಿ. ಮಗ ತನ್ಮಯ ವೇಟಿಂಗ್ ಲಿಸ್ಟಲ್ಲಿ ಮೂವತ್ತೊಂದನೆಯವನು. ಅವನಿಗೆ ಅಭಿನಂದನೆ ಇರ್ಲಿಲ್ಲ.

ಹನ್ನೊಂದು ನಿಮಿಷಕ್ಕೆ ತನ್ಮಯ ದೊಡ್ಡವನು. ಅವಳಿ ಮಕ್ಕಳು. ಲಾಟರಿ ಎತ್ತಿದ ಕಂಪ್ಯೂಟರು 'ಅವಳಿಗೆ' ಅಂತ ಓದ್ಕೊಂಡಿತ್ತು ಅಷ್ಟೆ.

ಇಮ್ಮರ್ಶನ್ ಅಂದ್ರೆ ಮುಳುಗಿಸೋದು. ಆ ಸರ್ಕಾರಿ ಸ್ಕೂಲಲ್ಲಿ ಅರ್ಧ ದಿನ ಪಾಠ, ಹಾಡು, ಗದರಿಕೆ ಎಲ್ಲಾ ಸ್ಪ್ಯಾನಿಷಲ್ಲೇ. ಸೀಟು ಕಮ್ಮಿ, ಅದಕ್ಕೇ ಲಾಟರಿ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಲ್ಲಿ ಉತ್ತರ ಕೊಡೋ ಮಕ್ಕಳಿಗೆ ಮೂರನೇದೊಂದು ಭಾಷೆ ಹತ್ತಿಸೋಕೆ ಲಿನ್‌ವುಡ್ಡಿನ ನಮ್ಮ ಜನ ಜನವರಿಯಿಂದಾನೇ ಫಾರ್ಮುಗಳಲ್ಲಿ ಮುಳುಗಿದ್ರು.

ಆ ಫಾರ್ಮಲ್ಲಿ ಒಂದು ಪುಟ್ಟ ಚೌಕ ಇತ್ತು. 'ಅವಳಿ ಮಕ್ಕಳಾಗಿದ್ದರೆ ಇಬ್ಬರನ್ನೂ ಒಟ್ಟಿಗೆ ಪರಿಗಣಿಸಿ.' ಟಿಕ್ ಹಾಕಿದ್ರೆ ಒಂದೋ ಇಬ್ರಿಗೂ ಸೀಟು, ಇಲ್ಲಾ ಇಬ್ರಿಗೂ ಇಲ್ಲ.

ಯಾಮಿನಿ ಗಂಡ ಅಡಿವೆಪ್ಪ ಗದಗಿನವನು, ರೆಡ್ಮಂಡಲ್ಲಿ ಇಂಜಿನಿಯರು. ಟಿಕ್ ಹಾಕೋ ಮೊದಲು ಆಫೀಸಿನ ಗೆಳೆಯ ಚಂದ್ರಮೌಳಿಗೆ ಕಾಲ್ ಮಾಡಿದ್ದ. ಡುವಾಲಲ್ಲಿ ಮನೆ ಮಾಡಿ ಕೋಳಿ ಸಾಕ್ಕೊಂಡಿರೋ ಈ ಮೌಳಿ ಯಾವ ವಿಷಯದಲ್ಲೂ ಮೌನಿ ಅಲ್ಲ.

"ಟಿಕ್ ಹಾಕ್ಬೇಡ ಗುರು," ಅಂದಿದ್ದ ಮೌಳಿ. "ಹಾಕಿದ್ರೆ ಒಂದೇ ಚೀಟಿ, ಬಿಟ್ರೆ ಎರಡು ಚೀಟಿ. ಒಬ್ರು ಒಳಗೆ ಹೋದ್ರೆ ಇನ್ನೊಬ್ರಿಗೆ ಸಿಬ್ಲಿಂಗ್ ಕೋಟಾ. ಸಿಂಪಲ್ ಮ್ಯಾತ್ಸು."

ಸಿಬ್ಲಿಂಗ್ ಕೋಟಾ ಇದ್ದಿದ್ದು ನಿಜ. ಆದ್ರೆ ಅದು ಆಗ್ಲೇ ಆ ಸ್ಕೂಲಲ್ಲಿ ಓದ್ತಿರೋ ಅಣ್ಣನೋ ಅಕ್ಕನೋ ಇದ್ದೋರಿಗೆ. ಮುಂದಿನ ವರ್ಷ ಹಾಕೋಣ ಅಂದ್ರೆ ತನ್ಮಯ ಒಂದನೇ ಕ್ಲಾಸಲ್ಲಿರ್ತಾನೆ, ಕಿಂಡರ್‌ಗಾರ್ಟನ್ ಆದ್ಮೇಲೆ ಹೊಸಬರನ್ನ ತಗೊಳಲ್ಲ. ಇದೆಲ್ಲಾ ಫಾರ್ಮಿನ ಕೆಳಗಡೆನೇ ಬರೆದಿತ್ತು. ಇಂಜಿನಿಯರುಗಳು ಕೆಳಗಡೆ ಬರೆದಿರೋದನ್ನ ಓದಲ್ಲ.

ಅಡಿವೆಪ್ಪ ಈಮೇಲ್ ಎರಡು ಸಲ ಓದ್ದ. "ಇಬ್ಬರಿಗೂ ಇಲ್ಲ ಅನ್ನೂದಕ್ಕಿಂತ ಒಬ್ಬಾಕಿ ಆದ್ರೂ ಹೋಗಲಿ."

"ಯಾರು ಹೋಗೋದು ಅಂತ ಗೊತ್ತಿದ್ಯಾ ನಿಮಗೆ?" ಅಂದ್ಳು ಯಾಮಿನಿ.

ಗೊತ್ತಿತ್ತು. ನಿಕಿತಾ ಮನೆ ಬಾಗಿಲು ದಾಟಿದ್ರೆ ಬಾಯಿ ತೆಗೀತಿರ್ಲಿಲ್ಲ. ಮನೇಲೂ ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಬಲವಂತ ಮಾಡ್ಬೇಡಿ ಅಂತ ಡಾಕ್ಟರು ಹೇಳಿದ್ರು. ಪ್ರೀಸ್ಕೂಲಲ್ಲಿ ಅವಳಿಗೆ ಏನು ಬೇಕಾದ್ರೂ ಅವಳು ತನ್ಮಯನ ಕಡೆ ನೋಡೋಳು, ತನ್ಮಯ ಹೇಳೋನು. ನಿಕ್ಕಿ ವಾಂಟ್ಸ್ ವಾಟರ್. ನಿಕ್ಕಿ ಈಸ್ ಕೋಲ್ಡ್. ನಿಕ್ಕಿ ಡಸಂಟ್ ಲೈಕ್ ಯುವರ್ ಹ್ಯಾಟ್. ಒಂದು ಭಾಷೇನೇ ಆಡದ ಹುಡುಗಿಗೆ ಎರಡು ಭಾಷೆಯ ಸ್ಕೂಲಲ್ಲಿ ಸೀಟು ಸಿಕ್ಕಿತ್ತು.

ಚಂದ್ರಮೌಳಿಗೆ ಸುದ್ದಿ ತಲುಪಿದ್ದೇ ತಾನಾಗಿ ಫೋನ್ ಮಾಡ್ದ. "ಇಬ್ರೂ ಹೆಣ್ಣಾಗಿದ್ರೆ ಅದಲು ಬದಲು ಮಾಡಿ ಕಳಿಸ್ಬಹುದಿತ್ತು ಗುರು. ಯಾರಿಗೆ ಗೊತ್ತಾಗ್ತಿತ್ತು?"

"ಮೌಳಿ, ನಿನ್ನ ಕೋಳಿಗೆ ಕಾಳು ಹಾಕ್ಹೋಗು," ಅಂತ ಅಡಿವೆಪ್ಪ ಫೋನಿಟ್ಟ.

ಇಟ್ಟವನು ಯಾಮಿನಿ ಕಡೆ ತಿರುಗಿದ. "ಅವನ ಮಾತು ಕೇಳಿ ನಾನ ಟಿಕ್ ಬಿಟ್ಟೆ. ತಪ್ಪು ನಂದು."

"ನೀವು ಸಬ್ಮಿಟ್ ಒತ್ತುವಾಗ ನಾನು ಹಿಂದೇನೇ ನಿಂತಿದ್ದೆ," ಅಂದ್ಳು ಯಾಮಿನಿ. "ಚೌಕ ಖಾಲಿ ಇತ್ತು, ನೋಡ್ದೆ. ನನಗೂ ಎರಡು ಚೀಟಿ ಬೇಕಿತ್ತು."



ಯಾಮಿನಿ ನಿರ್ಧಾರ ಗಟ್ಟಿ ಇತ್ತು. ಬೇಡ ಅನ್ನೋದು, ಇಬ್ರನ್ನೂ ಮನೆ ಪಕ್ಕದ ಮಾಮೂಲಿ ಸ್ಕೂಲಿಗೇ ಹಾಕೋದು. ಅಣ್ಣ ಇಲ್ಲದೆ, ಗೊತ್ತಿಲ್ಲದ ಭಾಷೇಲಿ ಮಗು ಮುಳುಗಿಯೇ ಹೋಗುತ್ತೆ. "ಬೇಡ ಅನ್ನೂದಿದ್ರ ಅನ್ನೂಣು, ಒಮ್ಮೆ ನೋಡಿಕೊಂಡು ಬಂದು ಅನ್ನೂಣು," ಅಂದ ಅಡಿವೆಪ್ಪ. ಸೀಟು ಸಿಕ್ಕಿದ ಮಕ್ಕಳಿಗೆ ಗುರುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಕ್ಲಾಸಲ್ಲಿ ಕೂರೋ ಅವಕಾಶ ಇತ್ತು. ಸೀಟು ಸಿಗದ ಮಕ್ಕಳಿಗೆ ಹೊರಗೆ ಜಾರುಬಂಡೆ ಇತ್ತು.

ಗುರುವಾರ ಕ್ಲಾಸಿನ ಬಾಗಿಲ ಹತ್ರ ಯಾಮಿನಿ ನಿಕಿತಾ ಕೈ ಬಿಟ್ಟು ಈಚೆ ನಿಂತ್ಳು. ಬಾಗಿಲಿಗೆ ಉದ್ದಕ್ಕೆ ಒಂದು ಗಾಜಿನ ಪಟ್ಟಿ. ಅದರ ಮುಂದೆ ಐದಾರು ತಾಯಂದಿರು ಮೂಗು ತಾಗಿಸ್ಕೊಂಡು ನಿಂತಿದ್ರು.

ಒಳಗೆ ಟೀಚರಮ್ಮ ಸ್ಪ್ಯಾನಿಷಲ್ಲಿ ಏನೋ ಹೇಳಿದ್ರು. ಯಾರಿಗೂ ಅರ್ಥ ಆಗ್ಲಿಲ್ಲ. ಅಲ್ಲಿದ್ದ ಮಕ್ಕಳೆಲ್ಲಾ ಮನೇಲಿ ಇಂಗ್ಲಿಷಲ್ಲಿ ಪಟಪಟ ಅನ್ನೋರು, ಒಂದೇ ಸಲ ಎಲ್ಲರ ಬಾಯೂ ಕಟ್ಟಿತ್ತು. ಒಬ್ಬ ಅಳೋಕೆ ಶುರು ಮಾಡ್ದ. ಒಬ್ಬಳು ಬ್ಯಾಗ್ ತಬ್ಕೊಂಡು ಅಲ್ಲೇ ನಿಂತ್ಳು. ಟೀಚರು ಮತ್ತೆ ಹೇಳಿದ್ರು, ಕೈ ಆಡಿಸಿದ್ರು.

ನಿಕಿತಾ ಮಾತು ಕೇಳ್ತಿರ್ಲಿಲ್ಲ, ಕೈ ನೋಡ್ತಿದ್ಳು. ಐದು ವರ್ಷದಿಂದ ಅವಳು ಮಾಡ್ತಾ ಬಂದಿದ್ದು ಅದೇ ಕೆಲಸ. ಗೋಡೆ ಹತ್ರ ಹೋಗಿ ಬ್ಯಾಗನ್ನ ಗೂಟಕ್ಕೆ ಹಾಕಿ, ಚಾಪೆ ಮೇಲೆ ಕೂತ್ಳು. ಅವಳನ್ನ ನೋಡಿ ಇನ್ನೊಬ್ಬಳು ಬಂದ್ಳು. ಆಮೇಲೆ ಎಲ್ಲಾ ಬಂದ್ರು. ಅಳ್ತಿದ್ದ ಹುಡುಗನಿಗೆ ತಿಂಡಿ ಪೊಟ್ಟಣ ಬಿಚ್ಚೋಕೆ ಆಗ್ತಿರ್ಲಿಲ್ಲ, ಅದನ್ನ ಹೇಳೋಕೆ ಮಾತೂ ಸಿಗ್ತಿರ್ಲಿಲ್ಲ. ನಿಕಿತಾ ಅವನ ಮುಖ ಒಂದು ಸಲ ನೋಡಿ ಪೊಟ್ಟಣ ಇಸ್ಕೊಂಡು, ಹಲ್ಲಲ್ಲಿ ಕಚ್ಚಿ ಬಿಚ್ಚಿ, ವಾಪಸ್ ಕೊಟ್ಳು.

ಕೊನೆಗೆ ಟೀಚರು ಒಬ್ಬೊಬ್ಬರ ಮುಂದೆ ಕೂತು, ತಮ್ಮ ಎದೆ ಮುಟ್ಟಿ ಹೆಸರು ಹೇಳಿ, ಮಕ್ಕಳ ಕಡೆ ಬೆರಳು ಮಾಡಿ ಕೇಳ್ತಾ ಬಂದ್ರು. ನಿಕಿತಾ ಸರದಿ ಬಂತು. ಅವಳು ಎಡಗಡೆ ತಿರುಗಿ ನೋಡಿದ್ಳು. ಅಲ್ಲಿ ತನ್ಮಯ ಇರ್ಲಿಲ್ಲ. ಮತ್ತೆ ಮುಂದೆ ತಿರುಗಿದ್ಳು. ತುಟಿ ಆಡಿತು. ಗಾಜಿನ ಈಚೆ ಏನೂ ಕೇಳಿಸ್ಲಿಲ್ಲ. ಟೀಚರು ತಲೆಯಾಡಿಸಿ ಪಕ್ಕದವನ ಹತ್ರ ಹೋದ್ರು.

ಅಷ್ಟು ಹೊತ್ತೂ ಅಡಿವೆಪ್ಪ ತನ್ಮಯನ ಜೊತೆ ಹೊರಗಿದ್ದ. ಮಕ್ಕಳಿಗೆ ಜ್ಯೂಸ್ ಹಂಚ್ತಿದ್ದ ಒಬ್ಬ ಅಜ್ಜಿ ಬಗ್ಗಿ, ಆ್ಯಪಲ್ಲೋ ಆರೆಂಜೋ ಅಂತ ತನ್ಮಯನ್ನ ಕೇಳಿದ್ರು.

"ನಿಕ್ಕಿ ಲೈಕ್ಸ್ ಆ್ಯಪಲ್."

"ಆ್ಯಂಡ್ ಯೂ?"

ತನ್ಮಯ ಅಪ್ಪನ ಮುಖ ನೋಡ್ದ. ಊರೆಲ್ಲಾ ವಟವಟ ಅನ್ನೋ ಹುಡುಗನ ಬಾಯಲ್ಲಿ ಒಂದು ಶಬ್ದ ಬರ್ಲಿಲ್ಲ.

"ನಿನಗೇನ ಬೇಕೋ ಹೇಳಪಾ, ಅಜ್ಜಿ ಕೇಳಾಕತ್ತಾರ."

"ವೆನ್ ಈಸ್ ನಿಕ್ಕಿ ಕಮಿಂಗ್?"

ಆ ಒಂದು ಗಂಟೆಯಲ್ಲಿ ಅದನ್ನೇ ಹದಿಮೂರು ಸಲ ಕೇಳ್ದ. ಜಾರುಬಂಡೆ ಹತ್ತಲಿಲ್ಲ. ಉಯ್ಯಾಲೆಲಿ ಕೂತ, ತೂಗಲಿಲ್ಲ.

ಶುಕ್ರವಾರ ಇಬ್ರೂ ಮನೆಯಿಂದಾನೇ ಕೆಲಸ ಮಾಡಿದ್ರು, ಅಂದ್ರೆ ಮಾಡ್ಲಿಲ್ಲ. ಮೂರು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತಾಗ ಮಾತು ತಲೆಕೆಳಗಾಗಿತ್ತು.

"ಬ್ಯಾಡ ಅನ್ನೂಣು," ಅಂದ ಅಡಿವೆಪ್ಪ. "ಆಕಿ ಇಲ್ಲದ ಅಂವಾ ಇರೂದಿಲ್ಲ. ನಿನ್ನೆ ನೀ ಒಳಗಿದ್ದಿ, ಹೊರಗ ನೋಡ್ಲಿಲ್ಲ."

"ನೀವು ಒಳಗೆ ನೋಡ್ಲಿಲ್ಲ. ಅವಳು ಎಲ್ಲರಿಗಿಂತ ಮೊದಲು ಕೂತ್ಳು, ರೀ."

"ನಾ ಇಲ್ಲ ಅನ್ನೂದಿಲ್ಲ. ಆದ್ರ ಇಬ್ಬರೂ ಕೂಡಿ ಇದ್ರ ಇಬ್ಬರೂ ಆರಾಮ ಇರ್ತಾರ."

"ಆರಾಮಾಗಿ ಇದ್ದಾರೆ, ಹೌದು." ಯಾಮಿನಿ ಧ್ವನಿ ಏರಲಿಲ್ಲ. "ದೊಡ್ಡವಳಾದ್ಮೇಲೆ ಕೇಳ್ತಾಳೆ, ಸೀಟು ಯಾಕೆ ಬಿಟ್ರಿ ಅಂತ. ಏನು ಹೇಳೋಣ? ನಿಮ್ಮಣ್ಣ ಮಾತಾಡ್ಬೇಕಿತ್ತು, ಅದಕ್ಕೆ ನೀನು ಸುಮ್ಮನಿರ್ಬೇಕಿತ್ತು ಅನ್ನೋಣ್ವಾ?"

ಅಡಿವೆಪ್ಪ ಕನ್ನಡಕ ತೆಗೆದು ಅಂಗಿ ತುದೀಲಿ ಒರೆಸ್ದ. ಮತ್ತೆ ಹಾಕ್ಕೊಂಡ. ಮೂರೂವರೆ ಆಗಿತ್ತು. ಅವನೇ ಮೌಸ್ ತನ್ನ ಕಡೆ ಎಳ್ಕೊಂಡು 'ಒಪ್ಪಿಗೆ' ಅನ್ನೋ ಬಟನ್ ಒತ್ತಿದ.

ಮಕ್ಕಳನ್ನ ಊಟದ ಟೇಬಲ್ ಹತ್ರ ಕೂರಿಸಿ ಯಾಮಿನಿ ವಿಷಯ ಹೇಳಿದ್ಳು. ಸೆಪ್ಟೆಂಬರಿಂದ ನಿಕಿತಾ ಆ ಸ್ಕೂಲು, ತನ್ಮಯ ಈ ಸ್ಕೂಲು. ಬೆಳಿಗ್ಗೆ ಬೇರೆ ಬೇರೆ ಬಸ್ಸು. ಮಧ್ಯಾಹ್ನ ಇಬ್ರೂ ಮನೆಗೆ.

ತನ್ಮಯ ಅಳಲಿಲ್ಲ. ಅವನಿಗೆ ಮೊದಲು ಬಂದಿದ್ದು ಕೆಲಸದ ಚಿಂತೆ. "ಬಟ್ ಹೂ ವಿಲ್ ಟೆಲ್ ದ ಟೀಚರ್ ಶೀ ನೀಡ್ಸ್ ಟು ಪೀ?"

ಯಾಮಿನಿ ಬಾಯಿ ತೆಗೆಯೋಕೆ ಮುಂಚೆ, "ಐ ವಿಲ್," ಅಂದ್ಳು ನಿಕಿತಾ.

ತನ್ಮಯ ತಂಗಿ ಕಡೆ ತಿರುಗಿದ. ಮೋಸ ಹೋದವನ ಥರ ಇತ್ತು ಮುಖ. ಆಮೇಲೆ ಅಪ್ಪನ್ನ ಕೇಳ್ದ, ಮೆತ್ತಗೆ, "ದೆನ್ ವಾಟ್ ಡು ಐ ಸೇ?"

"ನಿಂದು ನೀ ಹೇಳಪಾ," ಅಂದ ಅಡಿವೆಪ್ಪ. ಇನ್ನೊಂದು ಸಲ ಹೇಳ್ದ. "ಏನ ಬೇಕೋ, ನಿಂದು."

ತನ್ಮಯ ಟೇಬಲ್ ಮೇಲಿದ್ದ ಚಪಾತಿ ನೋಡ್ದ, ಪಲ್ಯ ನೋಡ್ದ, ಮೊಸರು ನೋಡ್ದ. ಎದುರಿಗೆ ಕೂತ ನಿಕಿತಾ ಏನೂ ತೋರಿಸ್ಲಿಲ್ಲ, ಯಾವ ಕಡೆಗೂ ಕಣ್ಣು ಹೊರಳಿಸ್ಲಿಲ್ಲ. ಅಣ್ಣನ ಬಾಯನ್ನೇ ನೋಡ್ತಾ ಕಾಯ್ತಾ ಇದ್ಳು.