ಬಿಚ್ಚದೆ ಮರಳಿದ ಲಕೋಟೆ

“ಬ್ರಹ್ಮ ಸೃಷ್ಟಿಗೆ ಕೂರೋಕೆ ಮುಂಚೆ ನನ್ನ ಹತ್ತಿರ ಒಂದು ಅಂದಾಜುಪಟ್ಟಿ ಬರೆಸಿಕೊಂಡಿದ್ದರೆ ಸಮುದ್ರ ಇಷ್ಟು ದೊಡ್ಡದಾಗ್ತಿರಲಿಲ್ಲ. ನನ್ನ ಅಂದಾಜು ಈವರೆಗೆ ಒಂದು ರೂಪಾಯಿ ಮೀರಿಲ್ಲ, ದಾಖಲೆಗೆ ಬರಲಿ” ಎಂದು ಮಳವಳ್ಳಿಯ ಕಸ್ತೂರಿರಂಗನವರು ಹೇಳಿದರೆ, ಬ್ರಹ್ಮನ ಪರವಾಗಿ ವಾದಿಸಲು ಆ ಬೀದಿಯಲ್ಲಿ ಯಾರೂ ಮುಂದೆ ಬರುತ್ತಿರಲಿಲ್ಲ. ಶಿವನಸಮುದ್ರದ ವಿದ್ಯುದಾಗಾರದಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರ್ ಕೀಪರ್ ಆಗಿದ್ದು, ಒಂದು ಬೋಲ್ಟೂ ಕಳೆಯದೆ ನಿವೃತ್ತರಾದವರು. ‘ದಾಖಲೆಗೆ ಬರಲಿ’ ಎಂಬ ಆ ಬಾಲ ಅವರ ಪ್ರತಿ ಮಾತಿಗೂ ಇತ್ತು. ಸಾರಿಗೆ ಉಪ್ಪು ಕಡಿಮೆಯಾದರೂ ದಾಖಲೆಗೆ ಬರುತ್ತಿತ್ತು.

ನಡಿಗೆಯೂ ಅಳತೆಯದೇ. ಹೆಜ್ಜೆಗೆ ಎರಡೂವರೆ ಅಡಿ, ಬಸ್ ನಿಲ್ದಾಣದಿಂದ ಮನೆಗೆ ಒಂಬೈನೂರ ಹನ್ನೆರಡು ಹೆಜ್ಜೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿಸಿದರೆ ನಿಲ್ದಾಣಕ್ಕೆ ಮರಳಿ ಹೊಸದಾಗಿ ಹೊರಡುತ್ತಿದ್ದರೆಂದೂ, ಹೀಗೆ ಒಂದು ಯುಗಾದಿಯ ಹೋಳಿಗೆಯನ್ನು ಮರುದಿನ ಉಂಡರೆಂದೂ ಊರು ಹೇಳುತ್ತದೆ.

ಅವರ ಪತ್ನಿ ತಿರುಮಲಮ್ಮನವರ ಎರಡು ಮಂಡಿಗಳೂ ಸವೆದಿದ್ದವು. ಶೌಚಕ್ಕೆ ಮೂರು ಮೆಟ್ಟಿಲಿಳಿದು, ಪಾಚಿಗಟ್ಟಿದ ಚಪ್ಪಡಿಗಳ ಮೇಲೆ ಹಿತ್ತಲು ದಾಟಬೇಕು. ಅದು ಕೂಡದೆಂದು ವೈದ್ಯರು ಹೇಳಿದ ಮೇಲೆ, ನಡುಮನೆಯ ಪಕ್ಕದ ಉಗ್ರಾಣವನ್ನು ಒಡೆಸಿ, ಕಮೋಡು ಕೂರಿಸಿ, ಗೋಡೆಗೆ ಹಿಡಿ ಹಾಕಿಸುವುದೆಂದು ನಿಶ್ಚಯವಾಯಿತು. ಅಂದಾಜು ಒಂದು ಲಕ್ಷ ಎಂಬತ್ತು ಸಾವಿರ. ಬ್ಯಾಂಕಿನಲ್ಲಿ ಅದರ ಎಂಟು ಪಟ್ಟು ಇತ್ತು. ಆದರೂ ಕಸ್ತೂರಿರಂಗನವರು ಮೂವರು ಗಾರೆ ಮೇಸ್ತ್ರಿಗಳಿಂದ ಮುಚ್ಚಿದ ಲಕೋಟೆಯಲ್ಲಿ ಕೊಟೇಷನ್ ಕರೆದರು.

“ನನ್ನ ಮಂಡಿನೂ ಮೂರು ಜನರ ದರ ನೋಡಿ ನೋಯುತ್ತೇನ್ರೀ?” ಎಂದರು ತಿರುಮಲಮ್ಮ.

ಭಾನುವಾರ ಹತ್ತು ಗಂಟೆಗೆ, ಕಚೇರಿಯ ಕಾಲದ ಬೂದುಬಣ್ಣದ ಕೋಟು ತೊಟ್ಟು ಅವರು ಲಕೋಟೆ ಒಡೆದರು. ಎಲ್ಲರಿಗಿಂತ ಕಡಿಮೆ ಬರೆದಿದ್ದವನು ಕಿರುಗಾವಲಿನ ಶಿವರಾಮು. ಅದೂ ಅಂದಾಜಿಗಿಂತ ಹನ್ನೊಂದು ಸಾವಿರ ಹೆಚ್ಚು. ಮೂರೂ ತಿರಸ್ಕೃತವಾದವು. ಸಾಕ್ಷಿಯ ಸ್ಥಾನದಲ್ಲಿ ಸಹಿಗೆಂದು ಹಾಳೆ ಹೆಂಡತಿಯ ಮುಂದೆ ಬಂತು.

“ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡು ಸಹಿನೂ ಮಾಡ್ಬೇಕಾ?”

“ಸಾಕ್ಷಿ ಇಲ್ಲದ ತಿರಸ್ಕಾರ ಸಿಂಧುವಾಗೋಲ್ಲ ಕಣೆ. ದಾಖಲೆಗೆ ಬರಲಿ.”

ಆಕೆ ನಕ್ಕು ಸಹಿ ಹಾಕಿದರು.

ಎರಡು ತಿಂಗಳ ಬಳಿಕ ಮತ್ತೆ ಕರೆದಾಗ ಟೈಲ್ಸು, ಪೈಪು, ಕೂಲಿ ಎಲ್ಲವೂ ಏರಿ, ಮೂರು ಲಕೋಟೆಗಳೂ ಮತ್ತಷ್ಟು ದಪ್ಪ ಅಂಕಿ ಹೊತ್ತು ಬಂದವು. ಮತ್ತೆ ತಿರಸ್ಕಾರ, ಮತ್ತೆ ಸಹಿ. ಮೂರನೆಯ ಸಲಕ್ಕೆ ಇಬ್ಬರು ಮೇಸ್ತ್ರಿಗಳು ಆ ಬೀದಿಗೆ ಬರುವುದನ್ನೇ ಬಿಟ್ಟಿದ್ದರು. ಶಿವರಾಮು ಒಬ್ಬನೇ ಬಂದ. ಒಂದೇ ಲಕೋಟೆ ಬಂದರೆ ಅದನ್ನು ಒಡೆಯಕೂಡದೆಂಬುದು ಕಸ್ತೂರಿರಂಗನವರು ಮೂವತ್ತನಾಲ್ಕು ವರ್ಷ ಪಾಲಿಸಿದ ನಿಯಮ.

“ಒಂದ್ಸಲ ತಗ್ದು ನೋಡ್ಬುಡಿ ಸಾ, ಕಾಗ್ದ ಏನ್ ಕಚ್ಚಾಕಿಲ್ಲ” ಎಂದ ಶಿವರಾಮು. ಅವರು ಅಂಟು ಬಿಡಿಸದೆ ಅದನ್ನು ಅವನ ಕೈಗೇ ಹಿಂದಿರುಗಿಸಿದರು.

ಅದಾದ ಹದಿನಾಲ್ಕನೆಯ ದಿನ ಬೆಳಗ್ಗೆ, ಜಡಿಮಳೆಯಲ್ಲಿ, ತಿರುಮಲಮ್ಮ ಹಿತ್ತಲ ಚಪ್ಪಡಿಯ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಮೂರು ಲಕ್ಷ ನಲವತ್ತು ಸಾವಿರ ಹೇಳಿದರು. ಒಂದು ರೂಪಾಯಿಯನ್ನೂ ಚೌಕಾಸಿ ಮಾಡದೆ, ರಸೀದಿಯನ್ನೂ ಕೇಳದೆ ಕಸ್ತೂರಿರಂಗನವರು ಕಟ್ಟಿದರು. ಆಕೆ ಇನ್ನು ಎದ್ದು ನಡೆಯಲಾರರೆಂದು ವೈದ್ಯರು ತಿಳಿಸಿದ ಸಂಜೆಯೇ ಶಿವರಾಮುವಿಗೆ ಫೋನ್ ಹೋಯಿತು: ನಾಳೆಯೇ ಶುರು ಮಾಡು, ದರ ಕೇಳುವುದಿಲ್ಲ.

ಕೆಲಸ ಹನ್ನೆರಡು ದಿನದಲ್ಲಿ ಮುಗಿಯಿತು. ಬಿಳಿಯ ಟೈಲ್ಸು, ಹೊಳೆಯುವ ಹಿಡಿ. ತಿರುಮಲಮ್ಮನವರ ಮಂಚ ಎದುರಿಗೇ ಇತ್ತು, ಆರು ಹೆಜ್ಜೆಯ ದೂರ. “ಬಾಗಿಲು ತೆಗೆದಿಡಿ, ಇಲ್ಲಿಂದಲೇ ನೋಡ್ತೀನಿ” ಎಂದರು ಆಕೆ. ಬೆಡ್‌ಪ್ಯಾನನ್ನು ಗಂಡನೇ ಹಿಡಿಯುತ್ತಿದ್ದರು, ಮತ್ತಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಕೊನೆಯ ಕಂತು ಕೊಡುವ ದಿನ ಕಸ್ತೂರಿರಂಗನವರು ಕೇಳಿದರು: “ಅವತ್ತು ಆ ಲಕೋಟೆಯಲ್ಲಿ ಎಷ್ಟು ಬರೆದಿದ್ದೆ?”

“ಈಗ್ಯಾಕ್ ಸಾ ಅದು?”

“ಹೇಳಯ್ಯ.”

“ಒಂದು ಎಪ್ಪತ್ತೆಂಟು. ಅಮ್ಮೋರು ಗ್ವಾಡೆ ಇಡ್ಕಂಡ್ ಓಗದ್ನ ನೋಡಿದ್ದೆ. ನನ್ ಕೂಲಿ ಬುಟ್ ಬರ್ದಿದ್ದೆ.”

ಅಂದಾಜಿಗಿಂತ ಎರಡು ಸಾವಿರ ಕಡಿಮೆ. ಹಣ ಎಣಿಸುತ್ತಿದ್ದ ಬೆರಳು ನಿಂತಿತು. ಎಣಿಕೆ ತಪ್ಪಿತ್ತು, ಅವರು ಮತ್ತೆ ಮೊದಲಿನಿಂದ ಎಣಿಸಲಿಲ್ಲ, ಕಟ್ಟನ್ನು ಹಾಗೆಯೇ ಅವನ ಕೈಗಿಟ್ಟರು.

ಪರರ ಸ್ವತ್ತನ್ನು ಕಾಯ್ದು ಕಾಯ್ದು, ಸ್ವಂತ ದುಡ್ಡೂ ಯಾವನೋ ಮೇಲಧಿಕಾರಿಯದೆಂದು ಬಗೆದು, ಮನೆಯವರ ನೋವಿಗೂ ಮಂಜೂರಾತಿ ಬೇಡುವ ಇಂಥ ಜನ ನಮ್ಮ ಊರುಗಳಲ್ಲಿ ಬಹಳ. ಅವರಲ್ಲಿ ಕಳ್ಳರಿಲ್ಲ, ಕುಡುಕರಿಲ್ಲ, ಕ್ರೂರಿಗಳೂ ಇಲ್ಲ. ಆದ್ದರಿಂದಲೇ ಅವರನ್ನು ಬೈಯಲು ಯಾರಿಗೂ ಬಾಯಿ ಬರುವುದಿಲ್ಲ. ಶಿವರಾಮುವಿಗೂ ಬರಲಿಲ್ಲ.

“ಬುಡಿ ಸಾ,” ಎಂದ ಅವನು, ತಲೆ ತಗ್ಗಿಸಿ. “ಎಲ್ಲಾ ಅಣೆಬರ.”

“ಹಣೆಬರಹ ಕೊಟೇಷನ್ ಕರೆಯೋಲ್ಲ ಕಣಯ್ಯ,” ಎಂದರು ಕಸ್ತೂರಿರಂಗನವರು. “ಕರೆದವನು ನಾನು.”