ಕೆಂಪು ಪೆನ್ಸಿಲ್

"ಮೇಡಂ, ಮೇನ್ ಸ್ವಿಚ್ ಆಫ್ ಮಾಡ್ತಿದೀನಿ. ಒಂದರ್ಧ ಗಂಟೆ ಕರೆಂಟ್ ಇರಲ್ಲ," ಎಂದ ಬಾಗಿಲ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಿಂತಿದ್ದ ಮೀಟರಿನವನು. ಅವನ ಕೈ ಆಗಲೇ ಸ್ವಿಚ್ಚಿನ ಮೇಲಿತ್ತು.

ಸೊಸೆ ಆಗಷ್ಟೇ ಕೆಲಸದಿಂದ ಬಂದಿದ್ದಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಬೆಳಗಿನಿಂದ ಲಾಂಡ್ರಿಯಲ್ಲಿ ಹೋಟೆಲಿನವರ ಚಾದರಗಳಿಗೆ ಇಸ್ತ್ರಿ ಹಾಕಿ ಹಾಕಿ ಅವಳ ಮೈಯೇ ಬಿಸಿಯಾಗಿತ್ತು. ಈ ಮಾತು ಕೇಳಿ ತಲೆಯೂ ಬಿಸಿಯಾಯಿತು.

"ಏನು ಆಫ್ ಮಾಡೋದು? ಒಳಗೆ ನಮ್ಮತ್ತೆ ಆಕ್ಸಿಜನ್ ಮಷಿನ್ನಲ್ಲಿ ಉಸಿರಾಡ್ತಿದಾರೆ. ಮುಟ್ಟಿ ನೋಡಿ ಆ ಸ್ವಿಚ್ಚನ್ನ, ಆಮೇಲೆ ಹೇಳ್ತೀನಿ!"

ಮೀಟರಿನವನು ಕೈ ಹಿಂದೆ ತೆಗೆದುಕೊಂಡ. ಪಾಪ, ಅವನದೇನೂ ಜಗಳಗಂಟ ಮುಖವಲ್ಲ. ಬೆಳಗಿನಿಂದ ಎಷ್ಟು ಮನೆಗಳಲ್ಲಿ ಬೈಸಿಕೊಂಡು ಬಂದಿದ್ದನೋ. "ಈ ಬೀದಿಗೆಲ್ಲ ಪ್ರಿಪೇಯ್ಡ್ ಮೀಟರ್ ಹಾಕ್ತಿದೀವಿ ಮೇಡಂ. ಮೊದಲೇ ದುಡ್ಡು ತುಂಬಿಸ್ಬೇಕು, ಮುಗಿದ ತಕ್ಷಣ ಕರೆಂಟ್ ನಿಲ್ಲುತ್ತೆ. ಅಂಥಾ ಮಷಿನ್ ಇದ್ರೆ ತಿಳಿಸಿ, ಹಳೇ ಮೀಟರೇ ಬಿಡ್ತೀವಿ ಅಂತ ಕಾಗದ ಹಾಕಿದ್ವಲ್ಲ. ಒಂದಲ್ಲ, ಮೂರು ಸಲ. ಉತ್ತರ ಬರ್ಲಿಲ್ಲ ಅಂದ್ರೆ ಒಪ್ಪಿಗೆ ಅಂತಲೇ ಲೆಕ್ಕ."

"ಯಾವ ಕಾಗದ? ಯಾವ ಕಾಗದಾನೂ ಬಂದಿಲ್ಲ."

"ಬಂದಿತ್ತಮ್ಮ," ಎಂದರು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ ಮಾವ. ಸ್ವಲ್ಪ ತಡೆದು, "ಜಾಹೀರಾತು ಅದು," ಎಂದರು.

ಆ ಮನೆಯಲ್ಲಿ ಕಾಗದ ಓದುವುದು ಮಾವನ ಹಕ್ಕು. ಅಚ್ಚಿನ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದ ಮನುಷ್ಯ. ನಿವೃತ್ತಿ ಪ್ರೆಸ್ಸಿನಿಂದಲೇ ಹೊರತು ತಿದ್ದುವುದರಿಂದಲ್ಲ. ಬ್ಯಾಂಕಿನಿಂದ ಬರಲಿ, ಆಸ್ಪತ್ರೆಯಿಂದ ಬರಲಿ, ಮದುವೆಯ ಕರೆಯೋಲೆಯೇ ಬರಲಿ, ಮೊದಲು ಅವರ ಕೈಗೆ ಹೋಗಬೇಕು. ಅವರು ಕಿಟಕಿಯ ಬೆಳಕಿಗೆ ಕೂತು, ಸಾಲಿನ ಕೆಳಗೆ ಉಕ್ಕಿನ ಸ್ಕೇಲ್ ಇಟ್ಟು, ಕೆಂಪು ಪೆನ್ಸಿಲಿನಿಂದ ತಪ್ಪುಗಳನ್ನೆಲ್ಲ ತಿದ್ದಿ, ಆಮೇಲೆ ಮನೆಮಂದಿಗೆ ಸಾರಾಂಶ ಹೇಳಬೇಕು. ಒಮ್ಮೆ ಯಾರದೋ ಕರೆಯೋಲೆಯನ್ನು ಹೀಗೆ ತಿದ್ದಿ, ಮದುವೆ ಮನೆಯಲ್ಲಿ ಹುಡುಗಿಯ ಅಪ್ಪನ ಕೈಗೇ ಕೊಟ್ಟು ಬಂದಿದ್ದರು. ಅಕ್ಕಪಕ್ಕದವರು ಅವರಿಗಿಟ್ಟ ಹೆಸರೇ ಕೆಂಪು ಪೆನ್ಸಿಲ್. ಬಸ್ ಓಡಿಸುವ ಮಗನಿಗಾಗಲಿ ಇಸ್ತ್ರಿ ಹಾಕುವ ಸೊಸೆಗಾಗಲಿ ಲಕೋಟೆ ಒಡೆಯುವ ಅಭ್ಯಾಸವೇ ತಪ್ಪಿಹೋಗಿತ್ತು.

ಕಾಗದಗಳು ಕಿಟಕಿಯ ಕಟ್ಟೆಯ ಮೇಲೆ ಇಸ್ತ್ರಿ ಹಾಕಿದ ಹಾಗೆ ನೀಟಾಗಿ ಒಂದರ ಮೇಲೊಂದು ಕೂತಿದ್ದವು. ಸೊಸೆ ಮೇಲಿನದನ್ನು ಎತ್ತಿಕೊಂಡಳು. ತಲೆಬರಹದಲ್ಲೇ, ಬೆರಳ ಗಾತ್ರದ ಅಕ್ಷರದಲ್ಲಿ, 'ನಿಮ್ಮ ಮೀಟರ್ ಬದಲಾಗಲಿದೆ' ಎಂದಿತ್ತು. ಅದರ ಕೆಳಗೆ, ಮನೆಯಲ್ಲಿ ಜೀವ ಉಳಿಸುವ ಯಂತ್ರವಿದ್ದರೆ ಕೂಡಲೇ ತಿಳಿಸಿ ಎಂಬ ಸಾಲು. ಅದೂ ಒಂದರ ಕೆಳಗೊಂದು ಎರಡು ಸಲ ಅಚ್ಚಾಗಿತ್ತು. ಇದು ಜಾಹೀರಾತೇ? ಅವಳ ಸಿಟ್ಟು ನೆತ್ತಿಗೇರಿತು. ಹೆಂಡತಿಯ ಉಸಿರಿನ ವಿಷಯವನ್ನು ಯಾವ ಗಂಡನಾದರೂ ಇಷ್ಟು ಹಗುರವಾಗಿ ಕಾಣುತ್ತಾನೆಯೇ? ಇಂದು ಮಾವ ಅಂತಲೂ ನೋಡುವುದಿಲ್ಲ, ಆಗಿದ್ದಾಗಲಿ ಎಂದು ಬಾಯಿ ತೆರೆದಳು.

ಆಗ ಅವಳ ಕಣ್ಣಿಗೆ ಕೆಂಪು ಗೆರೆಗಳು ಬಿದ್ದವು.

ಗೆರೆಗಳೇನೋ ಇದ್ದವು, ಬೇಕಾದಷ್ಟು. ಆದರೆ ಯಾವ ಗೆರೆಯೂ ಯಾವ ಅಕ್ಷರದ ಮೇಲೂ ಇರಲಿಲ್ಲ. ಒಂದು ಅಂಚಿನ ಖಾಲಿ ಜಾಗದಲ್ಲಿತ್ತು. ಒಂದು ಎರಡು ಸಾಲುಗಳ ನಡುವೆ ಬಿದ್ದಿತ್ತು. ಇನ್ನೊಂದು, ಕಂಪನಿಯವರು ಮೂಲೆಯಲ್ಲಿ ಹಾಕಿದ್ದ ಬಲ್ಬಿನ ಚಿತ್ರವನ್ನು ತಿದ್ದಿತ್ತು. ಎರಡು ಸಲ ಅಚ್ಚಾದ ಆ ಸಾಲು ಮಾತ್ರ ಹಾಗೆಯೇ ಉಳಿದಿತ್ತು. ಹಿಂದಿನ ಮಾವನಾಗಿದ್ದರೆ ಅಂಥ ತಪ್ಪಿಗೆ ಹಬ್ಬ ಮಾಡುತ್ತಿದ್ದರು, ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿ ನಗುತ್ತಿದ್ದರು. ಅವಳು ಉಳಿದೆರಡು ಕಾಗದಗಳನ್ನೂ ತೆಗೆದು ನೋಡಿದಳು. ಎಲ್ಲದರಲ್ಲೂ ಅದೇ ಕಥೆ.

ಹಗಲು ಹೊತ್ತಿನಲ್ಲಿ ಮನೆಯಲ್ಲಿರುವುದು ಈ ಇಬ್ಬರೇ. ಆ ಹೊಸ ಮೀಟರಿನ ಪುಟಾಣಿ ಪರದೆಯಲ್ಲಿ ದುಡ್ಡು ಮುಗಿಯಿತು ಎಂದು ಬಂದರೆ ಓದುವವರು ಯಾರು? ಕರೆಂಟು ಹೋದಾಗ ಇರಲಿ ಎಂದು ಮಂಚದ ಕೆಳಗೆ ಒಂದು ಚಿಕ್ಕ ಆಕ್ಸಿಜನ್ ಸಿಲಿಂಡರ್ ಇತ್ತು ನಿಜ. ಅದರ ಅಳತೆಯ ಮುಳ್ಳನ್ನು ನೋಡಿ ನಾಬ್ ತಿರುಗಿಸಬೇಕಾದವರೂ ಮಾವನೇ.

ಮೀಟರಿನವನು ಸ್ಟೂಲಿನಿಂದ ಇಳಿದು ಬಂದು ಅವಳ ಭುಜದ ಮೇಲಿಂದ ಇಣುಕಿದ. "ನೋಡಿ, ಇಷ್ಟು ದೊಡ್ಡಕ್ಷರದಲ್ಲಿ ಹಾಕಿದೀವಿ. ಯಜಮಾನ್ರೇ, ನಿಮಗೆ ಕಾಣ್ಲಿಲ್ವಾ ಇದು?"

ಮಾವ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಒರೆಸಿ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

"ತಪ್ಪು ನಂದು," ಎಂದಳು ಸೊಸೆ. "ನಾನೇ ಕಾಗದ ಎತ್ತಿಟ್ಟು ಅವರಿಗೆ ಕೊಡೋದನ್ನ ಮರೆತೆ. ಅವರು ನೋಡಿದ್ದು ಬೇರೆ ಯಾವುದೋ ಜಾಹೀರಾತು."

ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು. ಕೆಮ್ಮಲೇಬೇಕಾದ ಮಾತು ಅದು. ಮದುವೆಯಾಗಿ ಬಂದಾಗಿನಿಂದ ಈ ಸೊಸೆ ತಪ್ಪು ತನ್ನದೆಂದು ಒಪ್ಪಿಕೊಂಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಹಾಲು ಉಕ್ಕಿದರೆ ಒಲೆಯದು ತಪ್ಪು, ಬಸ್ಸು ತಪ್ಪಿದರೆ ಗಡಿಯಾರದ್ದು.

ಮೀಟರಿನವನು ಅವಳ ಮುಖ ನೋಡಿದ, ಕೆಂಪು ಗೆರೆಗಳನ್ನು ನೋಡಿದ, ಕಿಟಕಿಯ ಬಳಿಯ ಮುದುಕರನ್ನು ನೋಡಿದ. ಏನು ಹೊಳೆಯಿತೋ, ದನಿ ತಗ್ಗಿಸಿದ. "ಹೋಗ್ಲಿ ಬಿಡಿ ಮೇಡಂ. ಮಷಿನ್ ಇದೆ ಅಂತ ನಾಲ್ಕು ಸಾಲು ಬರೆದುಕೊಡಿ, ನಾನೇ ಆಫೀಸಿಗೆ ತಲುಪಿಸ್ತೀನಿ. ಆದ್ರೆ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರದೇ ಸಹಿ ಬೇಕು. ಅದಿಲ್ದೆ ಹೋದ್ರೆ ನನ್ನ ಕೆಲಸಕ್ಕೆ ಕುತ್ತು ಬರುತ್ತೆ."

ಕನೆಕ್ಷನ್ ಮಾವನ ಹೆಸರಲ್ಲಿತ್ತು.

"ಮಾವ, ನೀವು ಹೇಳಿ, ನಾನು ಬರ್ಕೋತೀನಿ," ಎಂದು ಸೊಸೆ ಅವರ ಕಾಲ ಬಳಿ ಕೂತಳು. "ನಿಮ್ಮ ಕೈಬರಹ ಓದೋಕೆ ಆಫೀಸಿನವರು ತಲೆ ಚಚ್ಕೋಬೇಕಾಗುತ್ತೆ."

"ಇವರು ಮದುವೆಗೆ ಮುಂಚೆ ಬರೆದ ಕಾಗದಾನ ನಾನಿನ್ನೂ ಓದಿ ಮುಗಿಸಿಲ್ಲ," ಎಂದಿತು ಒಳಗಿನಿಂದ ಅತ್ತೆಯ ಕ್ಷೀಣ ದನಿ.

ಮಾವ ಗಂಟಲು ಸರಿಮಾಡಿಕೊಂಡರು. ಶುರುವಿನಲ್ಲಿ ಮಾತು ತಡವರಿಸಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬೆನ್ನು ನೆಟ್ಟಗಾಯಿತು. ಅಲ್ಪವಿರಾಮ ಎಲ್ಲಿ, ಹೊಸ ಪ್ಯಾರಾ ಎಲ್ಲಿ ಎಂದು ಹೇಳುತ್ತಾ ಹೋದರು. 'ನನ್ನ ಹೆಂಡತಿಯ ಉಸಿರು ಈ ಯಂತ್ರವನ್ನು ನೆಚ್ಚಿಕೊಂಡಿದೆ' ಎಂಬಲ್ಲಿ ಒಮ್ಮೆ ನಿಂತರು. "ಓದು ನೋಡೋಣ," ಎಂದು ಓದಿಸಿ, "ಬೇಡ. 'ನನ್ನ ಹೆಂಡತಿಯ' ಹೊಡೆದುಹಾಕು. 'ನಮ್ಮ ಮನೆಯವರ' ಅಂತ ಬರಿ," ಎಂದರು.

ಬರೆದಾಯಿತು. ಸೊಸೆ ಕಾಗದವನ್ನು ರಟ್ಟಿನ ಮೇಲಿಟ್ಟು ಅವರ ತೊಡೆಯ ಮೇಲಿಟ್ಟಳು. ಪೆನ್ನು ಕೊಟ್ಟಳು. ಪೆನ್ನಿನ ತುದಿ ಗಾಳಿಯಲ್ಲೇ ಅತ್ತಿತ್ತ ಆಡಿತು, ಕೆಳಗಿಳಿಯಲಿಲ್ಲ. ಮೀಟರಿನವನು ಮುಖ ತಿರುಗಿಸಿ ಚೀಲದಲ್ಲಿ ಏನನ್ನೋ ಹುಡುಕತೊಡಗಿದ. ಸೊಸೆ ಕಿಟಕಿಯ ಕಟ್ಟೆಯಿಂದ ಉಕ್ಕಿನ ಸ್ಕೇಲ್ ತೆಗೆದು, ಸಹಿ ಬರಬೇಕಾದ ಜಾಗದ ಕೆಳಗೆ ಒತ್ತಿ ಹಿಡಿದಳು. ಸದ್ದಾಗಲೆಂದೇ ಕೊಂಚ ಜೋರಾಗಿ ಇಟ್ಟಳು.

ಮಾವನ ಎಡಗೈ ಬೆರಳು ಸ್ಕೇಲಿನ ಅಂಚನ್ನು ಮುಟ್ಟಿತು. ಅಂಚಿನುದ್ದಕ್ಕೂ ಸರಿದು ಅವಳ ಹೆಬ್ಬೆರಳಿಗೆ ತಾಗಿ ನಿಂತಿತು.

"ಸ್ಕೇಲ್ ಯಾಕಮ್ಮ?" ಎಂದರು, ಅವಳಿಗಷ್ಟೇ ಕೇಳುವ ಹಾಗೆ.

"ಗೆರೆ ನೆಟ್ಟಗಿರ್ಲಿ ಅಂತ ಮಾವ."

ಅವರು ಸಹಿ ಹಾಕಿದರು. ಕೊನೆಯಲ್ಲೊಂದು ಚುಕ್ಕೆಯನ್ನೂ ಇಟ್ಟರು.

ಮೀಟರಿನವನು ಹೊಸ ಮೀಟರನ್ನು ಡಬ್ಬಿ ಸಮೇತ ಚೀಲಕ್ಕೆ ಹಾಕಿಕೊಂಡು ಹೋದ ಮೇಲೆ ಅತ್ತೆ ಸೊಸೆಯನ್ನು ಕರೆದು ಮಂಚದ ಮೇಲೆ ಕೂರಿಸಿಕೊಂಡರು. ಮೂಗಿನ ಪೈಪು ಸರಿಮಾಡಿಕೊಂಡು, "ಯಾವಾಗ ಗೊತ್ತಾಯ್ತು ನಿಂಗೆ?" ಎಂದು ಪಿಸುಗುಟ್ಟಿದರು.

"ಈಗ. ನಿಮಗೆ?"

"ಚಹಾ ಬಗ್ಗಿಸೋವಾಗ ಲೋಟದೊಳಗೆ ಬೆರಳಿಡೋಕೆ ಶುರು ಮಾಡಿದ್ರಲ್ಲ, ಆವತ್ತಿಂದ."

"ಯಾಕತ್ತೆ ಹೇಳ್ಲಿಲ್ಲ? ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

"ಅವರು ನಂಗೇ ಹೇಳಿಲ್ಲ ಕಣೆ," ಎಂದರು ಅತ್ತೆ. ಕಣ್ಣು ತುಂಬಿಕೊಂಡಿತ್ತು. "ಬೆರಳು ಸುಟ್ಕೊಂಡು ಚಹಾ ತಂದುಕೊಡ್ತಾರೆ, ಬಿಸಿ ಇದೆ ಹುಷಾರು ಅಂತ ನಂಗೇ ಬುದ್ಧಿ ಹೇಳ್ತಾರೆ. ಹೇಗೆ ಬಾಯಿಬಿಡ್ಲಿ ನಾನು?"

ಸೊಸೆಗೂ ಅಳು ಬಂತು. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಅದನ್ನು ಮಾವನಿಗೆ ಹೇಗೆ ಹೇಳುವುದೆಂದು ಗಂಡನೊಡನೆ ಕೂತು ಯೋಚಿಸಬೇಕು ಎಂದುಕೊಂಡಳು. ಆಮೇಲಿನ ದಿನಗಳಲ್ಲಿ ಎರಡು ಮೂರು ಸಲ ಮಾತು ನಾಲಿಗೆಯ ತುದಿಗೆ ಬಂದದ್ದೂ ಉಂಟು. ಮಾವ ಕಿಟಕಿಯ ಬಳಿ ಅಷ್ಟು ಬಿಗಿಯಾಗಿ ಕೂತಿರುತ್ತಿದ್ದುದನ್ನು ನೋಡಿ ನುಂಗಿಕೊಂಡಳು.

ಮುಂದಿನ ವಾರ ಅಂಚೆಯವನು ಬಾಗಿಲ ಸಂದಿಯಿಂದ ಒಂದು ಲಕೋಟೆ ತೂರಿಸಿ ಹೋದ. ಸೊಸೆ ಅದನ್ನು ಎಂದಿನಂತೆ ಮಾವನ ಕೈಗೇ ಕೊಟ್ಟು ಅಡುಗೆಮನೆಗೆ ಹೊರಟಳು. ಹಿಂದೆ ಲಕೋಟೆ ಹರಿಯುವ ಸದ್ದಾಯಿತು. ಆಮೇಲೆ ಬಹಳ ಹೊತ್ತು ಕಾಗದವನ್ನು ಮಡಿಸಿ ಬಿಡಿಸುವ ಸದ್ದು.

"ಅಮ್ಮಾ, ಬಾ ಇಲ್ಲಿ," ಎಂದು ಕರೆದರು ಮಾವ. "ಇದೊಂಚೂರು ಓದಿಹೇಳು. ನನ್ನ ಕನ್ನಡಕ ಎಲ್ಲಿಟ್ಟೆನೋ, ಸಿಕ್ತಿಲ್ಲ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಒಳಗಿನಿಂದ ಅತ್ತೆಯ ಮಷಿನ್ನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಸೊಸೆ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ಪಕ್ಕದಲ್ಲಿ ಕೂತು, ಹಳೆಯ ಮೀಟರನ್ನೇ ಮುಂದುವರಿಸಲಾಗುವುದು ಎಂಬ ಸಾಲಿನವರೆಗೆ ಓದಿದಳು. ಮಾವ ತಲೆ ಬಾಗಿಸಿ ಕೇಳುತ್ತಿದ್ದರು.

"ನಿಲ್ಲು. ಅದನ್ನ ಇನ್ನೊಂದ್ಸಲ ಓದು."

ಅವಳು ಓದಿದಳು.

"'ಮುಂದುವರಿಸಲಾಗುವುದು' ಅಂತ ಒಂದೇ ಪ್ಯಾರಾದಲ್ಲಿ ಎರಡು ಸಲ ಬಂತು. ಒಂದು ಸಾಕು," ಎಂದರು. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಅದನ್ನು ಅವಳಿದ್ದ ಕಡೆಗೆ ಚಾಚಿದರು.