ಒಂದು ಹಗ್ಗಕ್ಕೆ ಒಂದೇ ಕೈ

ಧೂಪದ ಬಟ್ಟಲಿನಿಂದ ಜಾರಿದ ಕೆಂಡ ಚಾಪೆಯ ಮೇಲೆ ಬಿತ್ತು. ಮಾವ ಜಾಬಿರ್ ಮಾತು ನಿಲ್ಲಿಸದೆ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡ. ಎತ್ತಿದವನು ತಕ್ಷಣ ಬಟ್ಟಲಿಗೆ ಹಾಕಲಿಲ್ಲ.

"ನಾಳೆ ಯಾಕೆ ಮಗಳೇ, ಇವತ್ತೇ ಹೊರಡೋಣ. ಗಾಳಿ ಇಲ್ಲ, ನೀರು ತಿಳಿಯಾಗಿದೆ. ನಿನ್ನನ್ನ ಜೀಝಾನಿನ ತವರಿಗೆ ಬಿಡೋ ದಾರೀಲೇ ಅಕೀಲ್ ಒಂದು ಸಲ ಮುಳುಗಿ ಬರ್ತಾನೆ."

ಚರ್ಮ ಸುಟ್ಟ ವಾಸನೆ ಹಸ್ನಾಳ ಮೂಗಿಗೆ ಬಡಿಯಿತು. ಮಾತು ಮುಗಿದ ಮೇಲೆ ಮುದುಕ ಕೆಂಡವನ್ನು ಬಟ್ಟಲಿಗೆ ಹಾಕಿ, ಹೊಗೆಯನ್ನು ಗಡ್ಡಕ್ಕೆ ತೀಡಿಕೊಂಡ.

ಗಂಡ ಇದ್ರೀಸ್ ಸತ್ತ ಮೇಲೆ, ವಿಧವೆ ಹೊರಬರಬಾರದ ನಾಲ್ಕು ತಿಂಗಳು ಹತ್ತು ದಿನ, ಅವಳು ಈ ಮನೆಯ ಒಳಕೋಣೆ ಬಿಟ್ಟು ಬಂದಿರಲಿಲ್ಲ. ಆಮೇಲೆ ತವರಿಗೆ ಹೋದವಳು, ಮದುವೆಯ ಪೆಟ್ಟಿಗೆ ಒಯ್ಯಲೆಂದು ಮೊನ್ನೆ ದ್ವೀಪಕ್ಕೆ ಬಂದಿದ್ದಳು. ಗಂಡ ಸತ್ತಂದೂ ಅತ್ತಿರಲಿಲ್ಲ, ಆಮೇಲೂ ಅತ್ತಿರಲಿಲ್ಲ. ಅದನ್ನೂ ಊರು ಆಡಿಕೊಂಡಿತ್ತು.

ಚಿಪ್ಪಿಗಾಗಿ ಮುಳುಗುವವನ ಸೊಂಟಕ್ಕೆ ಹಗ್ಗ. ಅದರ ಇನ್ನೊಂದು ತುದಿ ಎಳೆಯುವವನ ಕೈಯಲ್ಲಿ. ಉಸಿರು ಮುಗಿದಾಗ ಕೆಳಗಿನವನು ಜಗ್ಗುತ್ತಾನೆ, ಮೇಲಿನವನು ಎಳೆಯುತ್ತಾನೆ. ಜಗ್ಗುವ ಮೊದಲೇ ಎಳೆದರೆ ಮುಳುಗಿದವನಿಗೆ ಅವಮಾನ. ಇದ್ರೀಸ್ ಹೆಣವಾಗಿ ಮೇಲೆ ಬಂದ ಸಂಜೆ ಜಾಬಿರ್ ಊರ ಮುಂದೆ ಹಗ್ಗ ಮುಟ್ಟಿ ಆಣೆ ಇಟ್ಟಿದ್ದ: ಹಗ್ಗ ಅಲ್ಲಾಡಲಿಲ್ಲ. ಎಳೆಯುವವನು ಆಣೆ ಇಟ್ಟ ಮೇಲೆ ಇಲ್ಲಿ ಇನ್ನೊಂದು ಪ್ರಶ್ನೆ ಇಲ್ಲ. ಹಗ್ಗ ಮತ್ತೆ ಅವನ ಕೈಗೇ ಬರುತ್ತದೆ. ಮಾವ ಸುಳ್ಳಾಡುವವನಲ್ಲ ಎಂದು ಹಸ್ನಾಳಿಗೆ ಅಂದೂ ಗೊತ್ತಿತ್ತು. ಇಂದೂ ಗೊತ್ತು.

ದಡದಲ್ಲಿ ಮೈದುನ ಅಕೀಲ್ ಪೆಟ್ಟಿಗೆಯನ್ನು ದೋಣಿಗೆ ಏರಿಸುತ್ತಿದ್ದ. ಒಣಗಲು ಹಾಕಿದ ಚಿಪ್ಪಿನ ರಾಶಿಗಳು ನಾರುತ್ತಿದ್ದವು. ಮುತ್ತಿನ ಕಾಲ ಮುಗಿದಿತ್ತು. ಈಗ ಅಂಗಿಯ ಗುಂಡಿಗೆ ಬೇಕಾದ ಚಿಪ್ಪು ಸಿಕ್ಕರೆ ಸಾಕು.

"ಇದರಲ್ಲಿ ಏನು ತುಂಬಿದೀರಿ ಅತ್ತಿಗೆ? ಇದನ್ನೇ ಕಟ್ಟಿಕೊಂಡು ಇಳೀತೀನಿ, ಮುಳುಗೋಕೆ ಬೇರೆ ಕಲ್ಲು ಬೇಡ."

"ಇವತ್ತು ಇಳೀಬೇಡ ಅಕೀಲ್."

"ಯಾಕೆ, ಕೆಟ್ಟ ಕನಸು ಬಿತ್ತಾ?"

"ಮಾವ ಬರಿಗೈಲಿ ಕೆಂಡ ಹಿಡಿದ್ರು. ಬೆರಳು ಸುಡ್ತಾ ಇತ್ತು. ಅವರಿಗೆ ಗೊತ್ತೇ ಆಗ್ಲಿಲ್ಲ."

ಅವನು ನಕ್ಕ. "ನಲವತ್ತು ವರ್ಷ ಹಗ್ಗ ಎಳೆದ ಕೈ ಅದು. ಕೆಂಡಾನೇ ಹೆದರಬೇಕು."

ನಗು ಪೂರ್ತಿ ಆಗಲಿಲ್ಲ. ಪೆಟ್ಟಿಗೆಯ ಮೇಲೆ ಕೈಯೂರಿ ನಿಂತ. ಸಮುದ್ರ ಎಣ್ಣೆಯ ಹಾಗೆ ಬಿದ್ದುಕೊಂಡಿತ್ತು.

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹೇಳಬೇಡಿ. ಇಳಿಯಲ್ಲ ಅಂದ್ರೆ ಯಾಕೆ ಅಂತ ಅಪ್ಪ ಕೇಳ್ತಾರೆ. ಏನನ್ನಲಿ? ಅಣ್ಣ ಜಗ್ಗಿದ್ದ, ನಿಮಗೇ ತಿಳೀಲಿಲ್ಲ ಅಂತಾನಾ?"

"ಹಗ್ಗ ನಾನೂ ಹಿಡೀತೀನಿ."

"ಒಂದು ಹಗ್ಗಕ್ಕೆ ಒಂದೇ ಕೈ, ಅತ್ತಿಗೆ. ಇನ್ನೊಂದು ಕೈ ಬಂದ್ರೆ ಎಳೆಯೋನನ್ನ ಕೊಂದ ಹಾಗೆ."

ಮುದುಕ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ಬರುತ್ತಿದ್ದ.

ಇದ್ರೀಸ್ ಮುಳುಗಿದ ಜಾಗದಲ್ಲೇ ದೋಣಿ ನಿಂತಿತು. ಅಲ್ಲಿ ಚಿಪ್ಪು ಚೆನ್ನಾಗಿದೆ ಎಂದ ಜಾಬಿರ್. ಅಕೀಲ್ ಮೂಗಿಗೆ ಚಿಮಟ ಸಿಕ್ಕಿಸಿ, ಕಲ್ಲಿನ ಕುಣಿಕೆಗೆ ಕಾಲು ತೂರಿಸಿ, ಒಮ್ಮೆ ಹಸ್ನಾಳ ಕಡೆ ನೋಡಿದ. ಮರುಕ್ಷಣ ಅವನಿದ್ದಲ್ಲಿ ನೀರು ಮಾತ್ರ ಇತ್ತು.

ಮುದುಕ ಹಗ್ಗವನ್ನು ಸಡಿಲವಾಗಿ ಹಿಡಿದ. ಬಿಗಿದ ಕೈಗೆ ನೀರಿನ ಸುದ್ದಿ ಮುಟ್ಟುವುದಿಲ್ಲ. ಎಳೆಯುವವರೆಲ್ಲರ ಹಾಗೆ ಕಣ್ಣು ಮುಚ್ಚಿ ಹಾಡತೊಡಗಿದ. ಹಸ್ನಾ ಅವನ ಬೆನ್ನ ಹಿಂದೆ ಕೂತು, ಸುರುಳಿಗೂ ಅವನ ಕೈಗೂ ನಡುವಿನ ಹಗ್ಗದ ಮೇಲೆ ಬೆರಳಿಟ್ಟಳು. ಅದು ಒದ್ದೆಯಾಗಿತ್ತು, ಸತ್ತಂತಿತ್ತು.

ಹಾಡಿನ ಮೂರನೆಯ ಸುತ್ತಿನಲ್ಲಿ ಹಗ್ಗ ಮಿಡುಕಿತು.

ಅವಳು ಮಾವನ ಕೈ ನೋಡಿದಳು. ಎಳೆಯಲಿ, ಈಗ ಎಳೆಯಲಿ.

ಹಗ್ಗ ಇನ್ನೊಮ್ಮೆ ಜಗ್ಗಿತು, ಜೋರಾಗಿ. ಹಾಡು ಎಲ್ಲೂ ತಪ್ಪಲಿಲ್ಲ.

ಅವಳು ಎಳೆದಳು. ಕಾಲನ್ನು ಪೆಟ್ಟಿಗೆಗೆ ಊರಿ, ಕೈ ಮೇಲೆ ಕೈ ಹಾಕಿ ಎಳೆದಳು. ಅಂಗೈ ಕಿತ್ತುಬಂತು. ದೋಣಿ ವಾಲಿದಾಗ ಮುದುಕ ಕಣ್ಣು ಬಿಟ್ಟ. ಹಗ್ಗ ತನ್ನ ಎರಡೂ ಮುಷ್ಟಿಗಳೊಳಗಿಂದ ಹಿಂದಕ್ಕೆ ಓಡುತ್ತಿರುವುದನ್ನು ಕಂಡ. ಹಾಡು ನಿಂತಿತು. ಅವನು ತಿರುಗಿ ನೋಡಲಿಲ್ಲ.

ಅಕೀಲನ ತಲೆ ನೀರೊಡೆದು ಮೇಲೆ ಬಂತು. ದೋಣಿಯ ಅಂಚು ಹಿಡಿದು ಕೆಮ್ಮಿದ, ಕಾರಿದ, ಮತ್ತೆ ಕೆಮ್ಮಿದ.

ಜಾಬಿರ್ ಹಗ್ಗ ಬಿಟ್ಟು ಕೂತ. ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಬಲಗೈಯ ಎರಡು ಬೆರಳ ತುದಿಯಲ್ಲಿ ಬೆಳಗಿನ ಕೆಂಡದ ಬೊಬ್ಬೆಗಳು ಒಡೆದು, ನೀರು ಮಣಿಕಟ್ಟಿನವರೆಗೆ ಇಳಿದಿತ್ತು.